ಪೆಟ್ಟಿಗೆಗಿಂತ ಮೊದಲು ಬೀಗ

"ಈಗ ಹೇಳೋ ಕಥೇಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಈ ಗರಗಸಕ್ಕೆ ಸಿಗ್ಲಿ," ಅಂದ ಬೂಜಮಾ. ಅಂದವನೇ ಎದುರಿಗೆ ಕೂತಿದ್ದ ಬಿಹಿಗೆ ಮೊದಲನೇ ಲೋಟ ಚಹಾ ಎತ್ತರದಿಂದ ಸುರಿದ.

ಬಿಹಿ ನಕ್ಕ. ಸ್ವೀರಾ ಪೇಟೆಯಲ್ಲಿ ಮರದ ಪೆಟ್ಟಿಗೆ ಮಾಡೋ ಬಡಗಿಗಳು ಇನ್ನೂರು ಜನ. ಬೂಜಮಾನಷ್ಟು ಸುಳ್ಳು ಹೇಳೋನು ಒಬ್ಬನೇ. ತಾನು ಮಾಡಿದ ಪೆಟ್ಟಿಗೆ ಎಷ್ಟು ಬಿಗಿ ಅಂದ್ರೆ, ಒಳಗೆ ಸೀನಿದ ಇಲಿಯ ಸೀನು ಮೂರು ವರ್ಷ ಕಳೆದು ಮುಚ್ಚಳ ತೆಗೆದಾಗ ಕೇಳಿಸ್ತು ಅಂತ ಮಸೀದಿ ಬಾಗಿಲಲ್ಲೇ ಆಣೆಯಿಟ್ಟವನು.

"ಬೀಗ ಸಿಕ್ತಲ್ಲ ಮೇಸ್ತ್ರಿ, ಹೊರಡ್ತೀನಿ."

"ಮೂರು ಲೋಟ ಕುಡೀದೆ ಏಳೋಕೆ ನಾನೇನು ನಿನ್ನ ಶತ್ರುವಾ? ಕೂತ್ಕೋ."

ಬಿಹಿ ಕೂತ. ಬೆಟ್ಟದವನು. ವರ್ಷಕ್ಕೊಂದು ಸಲ ಇಳಿದು ಬಂದ್ರೆ ಹೆಚ್ಚು. ಮಗಳು ಇಜ್ಜಾಳ ಮದುವೆ ಪೆಟ್ಟಿಗೆಗೆ ಒಳ್ಳೇ ಹಿತ್ತಾಳೆ ಬೀಗ ಬಂದಿದೆ, ನೀನೇ ಬಂದು ಆರಿಸ್ಕೋ ಅಂತ ಬೂಜಮಾ ಹೇಳಿಕಳಿಸಿದ್ದ. ಬೆಳಿಗ್ಗೆ ಬಂದವನಿಗೆ ನಲವತ್ತು ಬೀಗ ಒಂದೊಂದಾಗಿ ತೋರಿಸಿ, ಮೀನಿನೂಟ ಹಾಕಿ, ಈಗ ಸಂಜೆ ಮಾಡಿದ್ದ.

"ಒಬ್ಬ ಇದ್ದ," ಅಂತ ಶುರು ಮಾಡಿದ. "ಹೆಸರು ಬೇಡ, ಪಾಪ. ಅವನ ಹೊಲದಂಚಲ್ಲಿ ಒಂದು ಅರಾರ್ ಮರ. ಅವನಜ್ಜ ಬುಡ ಬಿಟ್ಟು ಕಡಿದ, ಚಿಗುರಿತು. ಅಪ್ಪ ಕಡಿದ, ಚಿಗುರಿತು. ಕಡಿದಷ್ಟೂ ಬೇರಿನ ಗಂಟು ನೆಲದೊಳಗೆ ಊದ್ತಾ ಹೋಯ್ತು."

"ಎಲ್ರ ಅಜ್ಜಂದಿರೂ ಅದನ್ನೇ ಮಾಡಿದ್ದು. ನಮ್ಮಜ್ಜನೂ."

"ಒಂಟೆ ಡುಬ್ಬದಷ್ಟು ಗಂಟು, ಮಾರಾಯ! ಕೊಯ್ದರೆ ಹಲಗೆ ತುಂಬಾ ನವಿಲುಗಣ್ಣಿನ ಚಿತ್ತಾರ. ಆದ್ರೆ ಅಗೆದ್ರೆ ಮರ ಸತ್ತಂಗೆ. ಮೂರು ತಲೆಮಾರಿಗೆ ಒಂದೇ ಬೆಳೆ."

"ಪೇಟೆಯವರು ಬಿಟ್ಟಾರಾ? ನನ್ನತ್ರಾನೂ ಬಂದಿದ್ರು. ನಾಯಿ ಛೂ ಬಿಟ್ಟೆ."

"ಅವನೂ ಬಿಟ್ಟ."

ಎರಡನೇ ಲೋಟ. ಬೂಜಮಾ ಬೀದಿಯ ಕಡೆ ನೋಡಿದ. ಗಾಳಿ ಮರದ ಹುಡಿ ಹಾರಿಸ್ತಿತ್ತು.

"ಒಂದಿನ ಅವನು ಮನೇಲಿಲ್ಲದಾಗ ಇಬ್ರು ಬಂದು ಅಗೆದುಕೊಂಡು ಹೋದ್ರು."

ಬಿಹಿ ಲೋಟ ಕೆಳಗಿಟ್ಟ. ಕಣ್ಣು ಕಿರಿದಾಯ್ತು. "ಗೊತ್ತಾಯ್ತು ಮೇಸ್ತ್ರಿ. ಹೆದರಿಸಿ ನನ್ನ ಗಂಟು ಕೊಂಡ್ಕೊಳ್ಳೋ ಆಟ. ಅದು ಇಜ್ಜಾಳ ಪೆಟ್ಟಿಗೆಗೆ ಅಂತ ನಮ್ಮಪ್ಪ ಸಾಯೋವಾಗ ತೊಟ್ಟಿಲು ಮುಟ್ಟಿ ಹೇಳಿದ್ದು. ಚಿನ್ನ ತೂಗಿ ಕೊಟ್ರೂ ಕೊಡಲ್ಲ."

"ನಾನು ಕೇಳಿದ್ನಾ?"

"ಕೇಳೋಕೆ ಮುಂಚೇನೇ ಹೇಳ್ತಿದ್ದೀನಿ."

"ಕೇಳಲ್ಲ ಬಿಡು. ಇನ್ನು ಯಾವತ್ತೂ ಕೇಳಲ್ಲ."

ಬಾಗಿಲ ಮುಂದೆ ಒಂದು ಕೈಗಾಡಿ ಹಾದುಹೋಯ್ತು. ಮೇಲೆ ಮೀನಿನ ಬಲೆ ಹೊದಿಸಿತ್ತು. ತಳ್ತಿದ್ದ ಇಬ್ಬರ ಮೊಣಕಾಲಿನವರೆಗೂ ಕೆಂಪು ಮಣ್ಣು. ಗಾಡಿ ಅಂಗಡಿಯ ಹಿಂದಿನ ಸಂದಿಗೆ ತಿರುಗಿತು. ಸಕ್ಕರೆ ತರ್ತೀನಿ ಅಂತ ಬೂಜಮಾ ಹಿಂಬಾಗಿಲಿಗೆ ಹೋಗಿ ಬಂದ.

ಬಿಹಿ ಮೂಗು ಅರಳಿಸಿದ. "ಹಸಿ ಬೇರಿನ ವಾಸನೆ."

"ಈ ಬೀದೀಲಿ ಬೇರೆ ಯಾವ ವಾಸನೆ ಬರ್ಬೇಕು? ಅತ್ತರಾ?" ಬೂಜಮಾ ನಿಧಾನವಾಗಿ ಮೂರನೇ ಲೋಟ ಸುರಿದ. ನೊರೆ ಬಂತು.

ಬಿಹಿ ನಿರಾಳವಾಗಿ ಗೋಡೆಗೊರಗಿದ. "ಸರಿ, ನಿನ್ನ ಸುಳ್ಳು ಮುಗಿಸು. ಹಾಡುಹಗಲೇ ಅಗೀವಾಗ ಮನೇಲಿ ಯಾರೂ ಇರ್ಲಿಲ್ವಾ?"

"ಮಗಳಿದ್ಲು."

"ಬಾಯಿಗೆ ಬಟ್ಟೆ ಕಟ್ಟಿದ್ರಾ?"

"ಛೇ, ಮುಟ್ಟಲೂ ಇಲ್ಲ. 'ನಿಮ್ಮಪ್ಪನೇ ಕಳಿಸಿದ್ದಾನೆ, ನಿನ್ನ ಪೆಟ್ಟಿಗೆ ಇವತ್ತೇ ಶುರು' ಅಂದ್ರು. ಹುಡುಗಿ ಕುಣಿದಾಡಿಬಿಟ್ಲು. ನಾಯಿ ಕಟ್ಟಿಹಾಕಿದ್ದು ಅವಳೇ. ಗುದ್ದಲಿ ತಂದುಕೊಟ್ಟಿದ್ದೂ ಅವಳೇ. ಮಜ್ಜಿಗೆ ಬೇರೆ ಕೊಟ್ಲಂತೆ."

ಬಿಹಿ ಹೊಟ್ಟೆ ಹಿಡಿದು ನಕ್ಕ. "ಅಂಥಾ ದಡ್ಡಿ ಯಾವಳಿದ್ದಾಳೋ! ಯಾರೋ ಬಂದು ಹೇಳಿದ್ರೆ ನಂಬಿಬಿಡೋದಾ?"

"ದಡ್ಡಿ ಅಲ್ಲ, ಪಾಪ," ಅಂದ ಬೂಜಮಾ. ಗಂಭೀರವಾಗಿದ್ದ. "ನಂಬದೆ ಏನ್ಮಾಡ್ತಾಳೆ? ಅವತ್ತು ಬೆಳಿಗ್ಗೆ ತಾನೇ ಅವಳಪ್ಪ, ಆ ಪೆಟ್ಟಿಗೆಗೆ ಹಿತ್ತಾಳೆ ಬೀಗ ತರ್ತೀನಿ ಅಂತ ಪೇಟೆಗೆ—"

ಬಿಹಿ ಆಗಲೇ ಬಾಗಿಲು ದಾಟಿ ಓಡಿದ್ದ, ಬೀಗ ಚಾಪೆ ಮೇಲೇ ಇತ್ತು.