ನಾಳೆ ಅನ್ನೋ ತಾರೀಕು

“ನಾಳೆ ಅನ್ನೋದು ತಾರೀಕಲ್ಲ ಕಣಣ್ಣ,” ಎಂದಳು ಗಗನ, ಬಿಳಿ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು. ಸಣ್ಣ ಕಂಟ್ರಾಕ್ಟರುಗಳ ಕೆಲಸ ಹೇಳಿದ ಹೊತ್ತಿಗೆ ಮುಗಿಯುವಂತೆ ಯೋಜನೆ ಹಾಕಿಕೊಡಲು ಅವಳು ಮದ್ದೂರಿನಲ್ಲಿ ಕಚೇರಿ ತೆರೆದು ವಾರವಾಗಿತ್ತು. ಎದುರಿಗೆ ಕೂತಿದ್ದ ಕಂಟ್ರಾಕ್ಟರ್ ಶಿವರಾಮು ಅವಳ ಮೊದಲ ಗಿರಾಕಿ.

ಯಾವ ಕೆಲಸ, ಯಾವುದಕ್ಕಾಗಿ ನಿಂತಿದೆ, ಯಾವತ್ತು ಶುರು. ಅವಳು ಕೇಳುವುದು ಇಷ್ಟೇ. ಸೋಮನಹಳ್ಳಿಯ ಮನೆ ತಾರಸಿಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರಿಗಾಗಿ ನಿಂತಿತ್ತು, ಶಿವಪುರದ್ದು ಮರಳಿಗಾಗಿ. ಎರಡಕ್ಕೂ ಅವನು ಮೊದಲು ‘ನಾಳೆ’ ಎಂದು ಬೈಸಿಕೊಂಡು, ಆಮೇಲೆ ತಾರೀಕು ಕೊಟ್ಟ. ಅಷ್ಟಾದ ಮೇಲೂ ಏಳಲಿಲ್ಲ.

“ಗುತ್ತಲಲ್ಲಿ ಇನ್ನೊಂದ್ ಅದೆ. ನಮ್ಮನೇದೇಯ. ಮ್ಯಾಲೊಂದು ರೂಮು ಕಟ್ಟವ ಅಂತ ಪಿಲ್ಲರ್ ಕಂಬಿ ಬುಟ್ಟಿದ್ದೆ. ತುಕ್ಕಿಡೀತಾವೆ.”

“ಅದು ಯಾವುದಕ್ಕೆ ನಿಂತದೆ?”

“ಕಿಟಕಿ ಯಾವ್ ಕಡೀಕೆ ಅಂತ ನಾಗಮಣಿ ಯೋಳ್ಬೇಕು.” ಅವನು ಬೋರ್ಡು ಬಿಟ್ಟು ಬೀದಿಯತ್ತ ನೋಡಿದ. “ನಮ್ಮನೆಯವ್ಳು. ಮಳವಳ್ಳೀಲವ್ಳೆ, ತವ್ರುಮನೇಲಿ. ನಾನೇ ಓಗಿ ಕರೀಬೇಕು.”

ಗಗನ ಅದನ್ನೂ ಬರೆದಳು. “ಯಾವತ್ತು ಓಯ್ತೀರಣ್ಣ?”

“ನಾಳೆ.”

ಮಾರ್ಕರ್ ಬೋರ್ಡಿನ ಮೇಲೇ ನಿಂತಿತು. ಈ ಸಲ ಅವಳು ಬೈಯಲಿಲ್ಲ.

“ನಾಳೆ ಅನ್ನೋದು ತಾರೀಕಲ್ಲ ಅಂತ ಗೊತ್ತು ಕಣಮ್ಮ,” ಎಂದ ಶಿವರಾಮು. “ಬ್ಯಾಗಿಡ್ಕಂಡು ಬಸ್ಸತ್ತೋವಾಗ ಅವ್ಳೂ ಇದೇ ಮಾತಂದ್ಲು.”