ಗೋಡೆಗೆ ಬಡಿದ ತಟ್ಟೆ

ಕುಂಬಳಕಾಯಿ ಬೇಯುವ ವಾಸನೆ ಬಂದರೆ ಈಗಲೂ ಲಿಂಗರಾಜಪುರದ ಆ ಕಾಂಪೌಂಡ್ ಗೋಡೆ ಕಣ್ಣಮುಂದೆ ಬರುತ್ತದೆ.

ನಮ್ಮ ನಾಯಿ ರಾಜನಿಗೆ ಕಾಯಿಲೆಯಾಗಿತ್ತು. ಮಾಂಸ ಬಿಟ್ಟರೆ ಇನ್ನೂ ಬಹಳ ವರ್ಷ ಬದುಕುತ್ತಾನೆ ಎಂದಿದ್ದರು ಡಾಕ್ಟರು. ಅಜ್ಜಿ ಅನ್ನ, ಬೇಳೆ, ಕುಂಬಳಕಾಯಿ ಬೇಯಿಸಿಟ್ಟರು. ಎರಡು ದಿನ ಅವನು ಮೂಸಿಯೂ ನೋಡಲಿಲ್ಲ.

ಅವನಿಗೆ ದಿನವೂ ಮೂಳೆ ಹಾಕುತ್ತಿದ್ದವರು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ. ಆ ಕೋಪಕ್ಕೆ ಅಜ್ಜಿ ಅವರೊಡನೆ ಮಾತು ಬಿಟ್ಟಿದ್ದರು. ಮೂರನೆಯ ಮಧ್ಯಾಹ್ನ ಖಾಲಾ ಗೋಡೆಯಾಚೆಯಿಂದ ಕೈಚಾಚಿ, "ಕೊಡಿ ಅಮ್ಮಾ, ನನ್ನ ತಟ್ಟೇಲಿ ಹಾಕಿ ನೋಡ್ತೀನಿ" ಎಂದರು. ಮೂಳೆ ಹಾಕುತ್ತಿದ್ದ ಸೊಟ್ಟ ಅಲ್ಯೂಮಿನಿಯಂ ತಟ್ಟೆಗೆ ಅದೇ ಅನ್ನ ಸುರಿದು, ಎಂದಿನಂತೆ ಗೋಡೆಗೆ ಎರಡು ಸಲ ಬಡಿದು ನಮ್ಮ ಕಡೆಗೆ ಇಳಿಸಿದರು. ರಾಜ ಎದ್ದು ಬಂದ. ಪೂರ್ತಿ ತಿಂದು ತಟ್ಟೆ ನೆಕ್ಕಿದ.

"ಮೋಸ ಮಾಡ್ಬಿಟ್ಟೆ ಬೇಟಾ, ಮಾಫ್ ಮಾಡು" ಎಂದರು ಖಾಲಾ, ರಾಜನ ಕಡೆ ಬಗ್ಗಿ.

ಅಜ್ಜಿ ತಟ್ಟೆ ತೊಳೆದು ತಂದು ಕೊಟ್ಟರು. "ನಾಳೆ ಎಷ್ಟು ಗಂಟೆಗೆ ಬರ್ತೀರಿ?" ಎಂದರು.