ಮೇಡಂ ಅವರ ಎಂಜಲು

"ಇದನ್ನ ಅಂಗೈಯಾಗ ಹಿಡಿದು ಬೆಚ್ಚಗಿಡಬೇಕು. ಯಾರು ಹಿಡೀತೀರಿ?" ನಾಗವೇಣಿ ಮೇಡಂ ಗಾಜಿನ ಪ್ರನಾಳವನ್ನು ಮುಂದೆ ಚಾಚಿದರು. ಅದರಲ್ಲಿದ್ದದ್ದು ಅನ್ನದ ಗಂಜಿ ಮತ್ತು ಅವರದೇ ಎಂಜಲು. ಅಂಥದೇ ಇನ್ನೊಂದು ಮಂಜುಗಡ್ಡೆಯಲ್ಲಿತ್ತು, ಮತ್ತೊಂದು ಕುದಿಯುವ ನೀರಿನಲ್ಲಿತ್ತು. ಮಾನ್ವಿಯ ಕಾಲೇಜಿನ ಆ ತರಗತಿಯಲ್ಲಿ ಯಾರೂ ಕೈ ನೀಡಲಿಲ್ಲ. ಮೇಡಂ ಪೋತ್ನಾಳದ ಯಾವ ಕೇರಿಯವರೆಂದು ಎಲ್ಲರಿಗೂ ಗೊತ್ತಿತ್ತು.

ಚಾಚಿದ ಕೈಯನ್ನು ಹಿಂದೆಗೆಯಲು ಅವರಿಗೆ ಮನಸ್ಸಾಗಲಿಲ್ಲ. ಕಡೆಗೆ ರೈಸ್‌ಮಿಲ್ಲಿನ ವಿರೂಪಣ್ಣನ ಮಗಳು ಶೈಲಜಾ ಎದ್ದು ಬಂದು ಪ್ರನಾಳವನ್ನು ಮುಷ್ಟಿಯಲ್ಲಿ ಹಿಡಿದಳು. ಗೆಳತಿಯರು ಪಿಸುಗುಟ್ಟಿದರೂ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಮೂರಕ್ಕೂ ಅಯೋಡಿನ್ ಹನಿಸಿದರು; ಗಂಜಿ ಉಳಿದಿದ್ದರೆ ಅದು ನೀಲಿಯಾಗುತ್ತದೆ. ಮಂಜುಗಡ್ಡೆಯದು ನೀಲಿಯಾಯಿತು, ಕುದಿಸಿದ್ದೂ ಆರಿದಂತೆ ನೀಲಿಯಾಯಿತು. ಶೈಲಜಾ ಹಿಡಿದದ್ದು ಮಾತ್ರ ಆಗಲಿಲ್ಲ.

"ಎಂಜಲದಾಗಿನ ಕಿಣ್ವ ಗಂಜೀನ ಸಕ್ಕರಿ ಮಾಡ್ಯದ. ಥಂಡ್ಯಾಗ ಅದು ಕೆಲಸ ಮಾಡಂಗಿಲ್ಲ, ಕುದಿಸಿದ್ರ ಕೆಟ್ಟೇ ಹೋಗ್ತದ. ಅದಕ್ಕ ಮೈಯಷ್ಟು ಬಿಸಿ ಬೇಕು," ಎಂದರು ಮೇಡಂ.

ಶೈಲಜಾ ಖಾಲಿ ಪ್ರನಾಳವೊಂದನ್ನು ಎತ್ತಿಕೊಂಡು ನಾಚುತ್ತ ಕೇಳಿದಳು: "ಈಗ ನಂದು ಹಾಕ್ತೀನ್ರಿ ಮೇಡಂ. ನೀವು ಹಿಡೀತೀರೇನ್ರಿ?"

ನಾಗವೇಣಿ ಅಂಗೈ ಚಾಚಿದರು. "ತಾರವ್ವಾ," ಎಂದರು.